ಥರ್ಮಾಮೀಟರ್ ಹೇಳಿದ ಸುಳ್ಳು

ಆಹಾರ ಸುರಕ್ಷತೆಯ ತರಬೇತಿ ಮುಗಿಸಿ ಪ್ರಮಾಣಪತ್ರ ಪಡೆದವನು ನಾನು. ಆದರೂ ತಪಾಸಣೆಯ ದಿನ ನಮ್ಮ ಫ್ರಿಜ್‌ನ ತಾಪಮಾನ 8 ಡಿಗ್ರಿ ಸೆಲ್ಸಿಯಸ್ ಬಂತು. ನಾನು ಪ್ರತಿದಿನ ಬರೆದದ್ದು 4.

ಮೊದಲು ಥರ್ಮಾಮೀಟರನ್ನೇ ಅನುಮಾನಿಸಿದೆ. ಲೋಟದ ತುಂಬ ಪುಡಿ ಐಸ್ ಹಾಕಿ, ಸಂದು ತುಂಬುವಷ್ಟು ತಣ್ಣೀರು ಸುರಿದು, ಕಡ್ಡಿಯನ್ನು ತಳಕ್ಕೂ ಬದಿಗೂ ತಾಗದಂತೆ ನಡುವೆ ಹಿಡಿದೆ. ಮುಳ್ಳು ಸೊನ್ನೆಯಲ್ಲಿ ನಿಲ್ಲಬೇಕಿತ್ತು. ನಿಂತದ್ದು ಮೈನಸ್ 4ರಲ್ಲಿ. ಯಾರೋ ಬೀಳಿಸಿ ಸುಮ್ಮನಿದ್ದಿರಬೇಕು. ಹಿಂಬದಿಯ ನಟ್ಟು ತಿರುಗಿಸಿ ಸೊನ್ನೆಗೆ ತಂದೆ.

ಫ್ರಿಜ್ ಬಾಗಿಲಿನ ರಬ್ಬರು ಹರಿದಿತ್ತು. ಬದಲಿಸಿದ ಮೇಲೆ ನಿಜವಾದ 4ಕ್ಕೆ ಇಳಿಯಿತು. ಒಳಗಿದ್ದ ಬೇಯಿಸಿದ ಆಹಾರವನ್ನೆಲ್ಲ, ಹೊಟ್ಟೆ ಉರಿದರೂ, ಎಸೆದೆ. ಸುರಕ್ಷಿತ ಮಿತಿಯಾದ 5 ಡಿಗ್ರಿ ಮೀರಿ ಅದು ಎಷ್ಟು ಹೊತ್ತು ಇತ್ತೆಂದು ಯಾರು ಹೇಳಬಲ್ಲರು?