ಆಮ್ಲಗಳ ಹೆಸರು ಕೊನೆಗೂ ತಲೆಗೆ ಹತ್ತಿದ್ದು ಹೀಗೆ

ಸಲ್ಫ್ಯೂರಿಕ್, ಸಲ್ಫ್ಯೂರಸ್, ನೈಟ್ರಿಕ್, ನೈಟ್ರಸ್... ಎಷ್ಟು ಉರು ಹೊಡೆದರೂ ಮರುದಿನ ಎಲ್ಲಾ ಕಲಸುಮೇಲೋಗರ. ಕೊನೆಗೆ ಪಟ್ಟಿ ಪಕ್ಕಕ್ಕಿಟ್ಟು, ಆಮ್ಲದ ಬದಲು ಅದರ ಅಯಾನಿನ (ಆಮ್ಲ ಹೈಡ್ರೋಜನ್ ಅಯಾನನ್ನು ಬಿಟ್ಟುಕೊಟ್ಟ ಮೇಲೆ ಉಳಿಯುವ ಋಣ ವಿದ್ಯುದಂಶದ ಭಾಗ) ಹೆಸರು ಹಿಡಿದುಕೊಂಡೆ. ಅಲ್ಲಿಂದ ಸಲೀಸಾಯಿತು.

ಅಯಾನು 'ಏಟ್' ಎಂದು ಮುಗಿದರೆ ಆಮ್ಲ 'ಇಕ್'. ನೈಟ್ರೇಟ್ ಇದ್ದರೆ ನೈಟ್ರಿಕ್. 'ಐಟ್' ಇದ್ದರೆ 'ಅಸ್'. ನೈಟ್ರೈಟ್ ಇದ್ದರೆ ನೈಟ್ರಸ್. 'ಐಡ್' ಬಂದರೆ ಮುಂದೆ 'ಹೈಡ್ರೋ', ಕೊನೆಗೆ 'ಇಕ್'. ಕ್ಲೋರೈಡ್ ಇದ್ದರೆ ಹೈಡ್ರೋಕ್ಲೋರಿಕ್. ಆದರೆ ಇದು ನೀರಿನಲ್ಲಿ ಕರಗಿದಾಗಿನ ಹೆಸರು. ಬರೀ ಅನಿಲವಾಗಿದ್ದರೆ ಹೈಡ್ರೋಜನ್ ಕ್ಲೋರೈಡ್ ಅಷ್ಟೇ.

ನನಗೆ ಜಾಸ್ತಿ ಸಹಾಯ ಮಾಡಿದ್ದು ಕ್ಲೋರಿನ್. ಆಕ್ಸಿಜನ್ ಒಂದೊಂದೇ ಏರಿಸುತ್ತಾ ಹೋಗಿ: 1 ಇದ್ದರೆ ಹೈಪೋಕ್ಲೋರಸ್, 2 ಕ್ಲೋರಸ್, 3 ಕ್ಲೋರಿಕ್, 4 ಪರ್‌ಕ್ಲೋರಿಕ್. ಮೆಟ್ಟಿಲು ಹತ್ತಿದ ಹಾಗೆ, ಅಲ್ವಾ?

ಹಾಗಂತ 'ಇಕ್' ಅಂದರೆ ಯಾವಾಗಲೂ 3 ಆಕ್ಸಿಜನ್ ಅಂದುಕೊಳ್ಳಬೇಡಿ. ನೈಟ್ರಿಕ್‌ನಲ್ಲಿ 3, ಸಲ್ಫ್ಯೂರಿಕ್ ಮತ್ತು ಫಾಸ್ಫಾರಿಕ್‌ನಲ್ಲಿ 4. ಇದನ್ನು ಮಾತ್ರ ಸುಮ್ನೆ ನೆನಪಿಟ್ಟುಕೊಳ್ಳಬೇಕು, ಬೇರೆ ದಾರಿಯಿಲ್ಲ. ನೈಟ್ರಸ್, ಸಲ್ಫ್ಯೂರಸ್ ಬೇಕಾದರೆ ಅದರಲ್ಲೇ ಒಂದು ಆಕ್ಸಿಜನ್ ಕಳೆಯಿರಿ.

ಅಸಿಟೇಟ್‌ಗೆ ಅಸಿಟಿಕ್, ಫಾರ್ಮೇಟ್‌ಗೆ ಫಾರ್ಮಿಕ್. ಸಾವಯವ ಆಮ್ಲಗಳಿಗೂ ಇದೇ ಕೀಲಿ ಹೊಂದುತ್ತದೆ.