ಹುದ್ದೆ ಇದೆ, ಕೆಲಸ ಕಲಿಸುವುದು ಹೇಗೆ?

ಸರ್ಕಾರಿ ಕೆಲಸದಲ್ಲಿ ಬೌದ್ಧಿಕ ಅಂಗವೈಕಲ್ಯ ಇರುವವರಿಗೂ ಪಾಲಿದೆ. ತುಮಕೂರು ಜಿಲ್ಲೆಯ ಅಪ್ಪ ಅಮ್ಮಂದಿರೂ, ಕಚೇರಿಗಳ ಮುಖ್ಯಸ್ಥರೂ ಇದನ್ನು ಮೊದಲು ತಿಳಿದಿರಬೇಕು. 1995ರ ಕಾಯ್ದೆಯಲ್ಲಿ ಉದ್ಯೋಗ ಮೀಸಲಾತಿ ಇದ್ದದ್ದು ಕಣ್ಣು, ಕಿವಿ, ಕೈಕಾಲಿನ ತೊಂದರೆ ಇರುವವರಿಗೆ ಮಾತ್ರ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದನ್ನು ಬದಲಾಯಿಸಿತು. ಅದರ ಪ್ರಕಾರ ಕನಿಷ್ಠ ಶೇ 4ರಷ್ಟು ಹುದ್ದೆ ಅಂಗವಿಕಲರಿಗೆ ಮೀಸಲು. ಅದರೊಳಗಿನ ಶೇ 1ರಷ್ಟನ್ನು ಆಟಿಸಂ, ಬೌದ್ಧಿಕ ಅಂಗವೈಕಲ್ಯ, ಕಲಿಕಾ ನ್ಯೂನತೆ, ಮಾನಸಿಕ ಕಾಯಿಲೆ ಮತ್ತು ಬಹುವಿಧ ಅಂಗವೈಕಲ್ಯ ಇರುವವರು ಹಂಚಿಕೊಳ್ಳಬೇಕು.

ತೊಡಕು ಇರುವುದು ಇಲ್ಲೇ. ಎಲ್ಲರಿಗೂ ಒಂದೇ ಲಿಖಿತ ಪರೀಕ್ಷೆ ಇಟ್ಟರೆ ಬೌದ್ಧಿಕ ಅಂಗವೈಕಲ್ಯ ಇರುವವರು ಹಿಂದೆ ಬೀಳುತ್ತಾರೆ. ನೇಮಕಾತಿ ಆದೇಶ ಸಿಕ್ಕಿದರೂ ಕೆಲಸ ಕಲಿಸುವವರಿಲ್ಲದೆ ಮೂಲೆಯ ಕುರ್ಚಿಯಲ್ಲಿ ಕೂರಿಸಿಬಿಡುವುದುಂಟು. ನನಗೆ ಈ ಎರಡನೆಯದೇ ಜಾಸ್ತಿ ನೋವಿನ ವಿಷಯ. ಅದನ್ನು ತಪ್ಪಿಸುವುದು ಕಚೇರಿಯವರ ಕೈಯಲ್ಲೇ ಇದೆ.

ಕಾಗದಪತ್ರ ಮೊದಲು

ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ ಬೇಕು. ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿದ ಮೇಲೆ ಆಸ್ಪತ್ರೆಯಲ್ಲಿ ತಪಾಸಣೆ ಆಗುತ್ತದೆ. ಮೀಸಲಾತಿಗೆ ಅಂಗವೈಕಲ್ಯದ ಪ್ರಮಾಣ ಕನಿಷ್ಠ ಶೇ 40 ಇರಬೇಕು. ಸೌಮ್ಯ ಮಟ್ಟದ ಬೌದ್ಧಿಕ ಅಂಗವೈಕಲ್ಯವನ್ನೇ ಶೇ 50 ಎಂದು ಲೆಕ್ಕ ಹಾಕುವುದರಿಂದ ‘ನಮ್ಮ ಹುಡುಗಿಗೆ ಅಷ್ಟೇನಿಲ್ಲ’ ಎಂದು ಹಿಂಜರಿಯಬೇಡಿ. 18 ವರ್ಷಕ್ಕೆ ಸಿಗುವ ಪ್ರಮಾಣಪತ್ರ ಜೀವನಪೂರ್ತಿ ನಡೆಯುತ್ತದೆ. ಅರ್ಜಿ ತುಂಬಲು ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು, ಅಂದರೆ ವಿಆರ್‌ಡಬ್ಲ್ಯು ಅವರನ್ನು ಕೇಳಿ. ತಾಲ್ಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು, ಅಂದರೆ ಎಂಆರ್‌ಡಬ್ಲ್ಯು ಇರುತ್ತಾರೆ.

ಕಚೇರಿಯಲ್ಲಿ ಏನೇನು ಕೆಲಸ ಇದೆ?

ಇದು ಮುಖ್ಯಸ್ಥರು ಮಾಡಬೇಕಾದ ಹೋಂವರ್ಕ್. ಒಂದು ವಾರ ಕಚೇರಿಯನ್ನು ಗಮನಿಸಿ. ದಿನಾ ಒಂದೇ ಥರ ನಡೆಯುವ, ಆದರೆ ಯಾರಿಗೂ ಪುರಸೊತ್ತಿಲ್ಲದೆ ರಾಶಿ ಬೀಳುವ ಕೆಲಸ ಯಾವುದು? ಕಡತಕ್ಕೆ ಪುಟಸಂಖ್ಯೆ ಹಾಕಿ ಟ್ಯಾಗ್ ಕಟ್ಟುವುದು, ಜೆರಾಕ್ಸ್, ರೆಕಾರ್ಡ್ ರೂಮಿನಲ್ಲಿ ಕಟ್ಟುಗಳನ್ನು ವರ್ಷವಾರು ಜೋಡಿಸುವುದು, ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಪುಸ್ತಕ ವಾಪಸ್ ಕಪಾಟಿಗೆ ಇಡುವುದು. ಕಸ ಗುಡಿಸುವುದು, ಟೀ ತರುವುದು ಇಷ್ಟಕ್ಕೇ ನಿಲ್ಲಿಸಬೇಡಿ.

ಟಪಾಲು ಕಲಿಸುವ ಬಗೆ

ಟಪಾಲು ಶಾಖೆಯನ್ನೇ ತೆಗೆದುಕೊಳ್ಳೋಣ. ‘ಬಂದ ಟಪಾಲಿಗೆ ಸೀಲ್ ಹಾಕಿ ವಿಂಗಡಿಸಿ’ ಎಂದರೆ ಗುಮಾಸ್ತರಿಗೆ ಅದು ಒಂದು ಕೆಲಸ. ಹೊಸದಾಗಿ ಕಲಿಯುವವರಿಗೆ ಎಂಟು ಕೆಲಸ. ಲಕೋಟೆಯ ಅಂಚು ಕತ್ತರಿಸಬೇಕು. ಪತ್ರ ಹೊರಗೆ ತೆಗೆಯಬೇಕು. ಒಳಗೆ ಇನ್ನೇನಾದರೂ ಉಳಿದಿದೆಯೇ ಎಂದು ಬೆರಳು ಹಾಕಿ ನೋಡಬೇಕು. ಸೀಲಿನ ತಾರೀಖು ತಿರುಗಿಸಿ ಗೋಡೆಯ ಕ್ಯಾಲೆಂಡರ್ ಜೊತೆ ತಾಳೆ ನೋಡಬೇಕು. ಇಂಕ್ ಪ್ಯಾಡಿಗೆ ಒತ್ತಬೇಕು. ಅಕ್ಷರ ಇಲ್ಲದ ಜಾಗದಲ್ಲಿ ಸೀಲ್ ಹಾಕಬೇಕು. ಲಕೋಟೆಯನ್ನು ಪತ್ರದ ಹಿಂದೆ ಪಿನ್ ಮಾಡಬೇಕು. ಕೊನೆಗೆ ಆಯಾ ಶಾಖೆಯ ಟ್ರೇಗೆ ಹಾಕಬೇಕು.

ಕಲಿಸುವಾಗ ಕೊನೆಯ ಹೆಜ್ಜೆಯಿಂದ ಶುರು ಮಾಡಿ. ಮೊದಲ ಏಳನ್ನು ನೀವು ಮಾಡಿ, ಟ್ರೇಗೆ ಹಾಕುವುದನ್ನು ಮಾತ್ರ ಅವರಿಗೆ ಬಿಡಿ. ಅದು ಕೈಗೆ ಹತ್ತಿದ ಮೇಲೆ ಪಿನ್ ಮಾಡುವುದನ್ನೂ ಸೇರಿಸಿ. ಹೀಗೆ ಹಿಂದಕ್ಕೆ ಬನ್ನಿ. ಪ್ರತಿ ಸಲವೂ ಕೆಲಸ ಅವರ ಕೈಯಲ್ಲೇ ಮುಗಿಯುವುದರಿಂದ ಧೈರ್ಯ ಬರುತ್ತದೆ. ವಿಶೇಷ ಶಾಲೆಗಳ ಶಿಕ್ಷಕರು ಈ ಕ್ರಮವನ್ನು ಚೆನ್ನಾಗಿ ಬಲ್ಲರು. ಮೊದಲ ಕೆಲವು ವಾರ ಅಂಥ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡರೆ ಅರ್ಧ ಭಾರ ಇಳಿದಂತೆ. ಟ್ರೇಗಳಿಗೆ ಒಂದೊಂದು ಬಣ್ಣದ ಟೇಪ್, ಆಯಾ ವಿಷಯ ನಿರ್ವಾಹಕರ ಫೋಟೊ ಅಂಟಿಸಿ. ಇಂಥ ಅನುಕೂಲ ಮಾಡಿಕೊಡುವುದನ್ನು 2016ರ ಕಾಯ್ದೆ ಸರ್ಕಾರಿ ಸಂಸ್ಥೆಗಳ ಹೊಣೆ ಎಂದೇ ಹೇಳಿದೆ.

‘ಅರ್ಥ ಆಯ್ತಾ?’ ಎಂದು ಕೇಳಬೇಡಿ. ಹಾಗೆ ಕೇಳಿದರೆ ಯಾರಾದರೂ ಹೂಂ ಅಂತಾರೆ, ಅಲ್ವಾ? ‘ಎಲ್ಲಿ, ಒಂದ್ಸಲ ಮಾಡಿ ತೋರಿಸಿ’ ಎನ್ನಿ. ಒಂದು ಸಲಕ್ಕೆ ಒಂದೇ ಮಾತು ಹೇಳಿ. 30 ವರ್ಷದವರನ್ನು ‘ಮಗು’ ಎಂದು ಕರೆಯಬೇಡಿ. ಉಳಿದ ಸಿಬ್ಬಂದಿಯನ್ನು ಹೇಗೆ ಕರೆಯುತ್ತೀರೋ ಹಾಗೇ ಕರೆಯಿರಿ. ಸಂಶಯ ಬಂದಾಗ ಹೋಗಿ ಕೇಳಲು ಒಬ್ಬರೇ ಜೊತೆಗಾರರು ಇರಲಿ. ದಿನಕ್ಕೊಬ್ಬರು ಬದಲಾದರೆ ಕಲಿತದ್ದೂ ಕಲಸಿಹೋಗುತ್ತದೆ.

ಬಸ್ಸು ಮತ್ತು ಸಂಬಳ

ಕೊರಟಗೆರೆಯಿಂದಲೋ ಗುಬ್ಬಿಯಿಂದಲೋ ತುಮಕೂರಿಗೆ ಬರಬೇಕಾದರೆ, ಕೆಲಸಕ್ಕೆ ಸೇರುವ ಮೊದಲೇ ಮನೆಯವರು ಜೊತೆಯಲ್ಲಿ ಓಡಾಡಿ ದಾರಿ ರೂಢಿ ಮಾಡಿಸಲಿ. ಕೆಎಸ್‌ಆರ್‌ಟಿಸಿಯ ಅಂಗವಿಕಲರ ರಿಯಾಯಿತಿ ಪಾಸ್ ವಾಸಸ್ಥಳದಿಂದ 100 ಕಿ.ಮೀ. ವರೆಗೆ ನಡೆಯುತ್ತದೆ. ಸಂಬಳ ಅವರದೇ ಹೆಸರಿನ ಖಾತೆಗೆ ಬೀಳಲಿ. 18 ತುಂಬಿದ ಮೇಲೆ ಅಪ್ಪ ಅಮ್ಮ ತಾವಾಗಿಯೇ ಕಾನೂನುಬದ್ಧ ಪೋಷಕರಾಗಿ ಉಳಿಯುವುದಿಲ್ಲ. ಅಗತ್ಯ ಇದ್ದರೆ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಜಿಲ್ಲಾಧಿಕಾರಿ ಇರುವ ಸ್ಥಳೀಯ ಸಮಿತಿಗೆ ಅರ್ಜಿ ಕೊಡಬಹುದು. ಸಹಿ ಹಾಕಲು, ಹಣ ಎಣಿಸಲು ಬರುವವರಿಗೆ ಸುಮ್ನೆ ಪೋಷಕರನ್ನು ಹೇರುವುದು ತಪ್ಪು.

‘ಯಾರೂ ಸಿಗಲಿಲ್ಲ’ ಎನ್ನುವ ಮೊದಲು

ಅರ್ಹರು ಸಿಗದಿದ್ದರೆ ಮೀಸಲು ಹುದ್ದೆಯನ್ನು ಮುಂದಿನ ನೇಮಕಾತಿ ವರ್ಷಕ್ಕೆ ಒಯ್ಯಬೇಕು. ಆಗಲೂ ಸಿಗದಿದ್ದರೆ ಬೇರೆ ಬಗೆಯ ಅಂಗವಿಕಲರಿಗೆ ಬದಲಾಯಿಸಬಹುದು. ಯಾರೂ ಹುಡುಕದೆ ವರ್ಷ ಕಳೆದರೆ ಇವರ ಪಾಲು ಕೈತಪ್ಪುತ್ತದೆ. ಹಾಗಾಗಿ ಹುದ್ದೆ ಖಾಲಿ ಇರುವ ವಿಷಯ ವಿಶೇಷ ಶಾಲೆಗಳಿಗೂ ವಿಆರ್‌ಡಬ್ಲ್ಯುಗಳಿಗೂ ತಲುಪಲಿ. ಕ್ಯಾಂಟೀನ್ ಗುತ್ತಿಗೆಯ ದಾರಿಯೂ ಇದೆ. 2017ರಲ್ಲಿ ಹುಬ್ಬಳ್ಳಿಯಲ್ಲಿ ಶುರುವಾದ ಮಿಟ್ಟಿ ಕೆಫೆಯನ್ನು ಅಂಗವಿಕಲರೇ ನಡೆಸುತ್ತಾರೆ. 2023ರಲ್ಲಿ ಅದು ಸುಪ್ರೀಂ ಕೋರ್ಟ್ ಆವರಣದಲ್ಲೂ ತೆರೆಯಿತು. ನಮ್ಮ ಮಿನಿ ವಿಧಾನಸೌಧಗಳ ಕ್ಯಾಂಟೀನುಗಳಲ್ಲಿ ಇದು ಯಾಕಾಗಬಾರದು? ಆದರೆ ಕ್ಯಾಂಟೀನ್ ಕೊಟ್ಟೆವು ಎಂದು ಮೀಸಲು ಹುದ್ದೆ ಖಾಲಿ ಬಿಡುವಂತಿಲ್ಲ.

ಕೊನೆಯದಾಗಿ ವರ್ಗಾವಣೆ. ಕಾಳಜಿ ಇದ್ದ ಸಾಹೇಬರು ಹೋದ ಮೇಲೆ ಹೊಸಬರು ಬಂದು ಎಲ್ಲ ತಲೆಕೆಳಗಾಗಬಾರದು. ಆ ಎಂಟು ಹೆಜ್ಜೆ, ಜೊತೆಗಾರರ ಹೆಸರು, ಟ್ರೇಗಳ ಬಣ್ಣ, ಮನೆಯವರ ಫೋನ್ ನಂಬರ್ ಒಂದು ಹಾಳೆಯಲ್ಲಿ ಬರೆದು ಪ್ರಭಾರ ವಹಿಸಿಕೊಡುವ ಪಟ್ಟಿಯ ಜೊತೆಗೇ ಲಗತ್ತಿಸಿ. ಹೊಸ ಅಧಿಕಾರಿ ಬಂದ ದಿನವೇ ಈ ಉದ್ಯೋಗಿಯನ್ನು ಕರೆದುಕೊಂಡು ಹೋಗಿ ಪರಿಚಯ ಮಾಡಿಕೊಡಿ.