ಭದ್ರಾವತಿಗೆ ಹೋದ್ವಿ, ಎರಡು ಸ್ವರ ಇಳಿಸಿಕೊಂಡು

ಭದ್ರಾವತಿ ಬಿಟ್ಟು 26 ವರ್ಷ ಆಗಿತ್ತು. ಹೋದ ವರ್ಷ ಗಣಪತಿ ಹಬ್ಬದ ಹೊತ್ತಿಗೆ ನಮ್ಮ ಹಳೇ ಆರ್ಕೆಸ್ಟ್ರಾದವರೆಲ್ಲ ಮತ್ತೆ ಸೇರಿ ಎರಡು ಕಾರ್ಯಕ್ರಮ ಕೊಟ್ಟೆವು. ಮೊದಲನೇ ದಿನ ಕಾರ್ಖಾನೆಯ ಹಳೇ ಕ್ವಾರ್ಟರ್ಸ್‌ನವರು ಸೇರಿದ್ದ ಕಲ್ಯಾಣ ಮಂಟಪದಲ್ಲಿ, ಮಾರನೇ ದಿನ ಗಣಪತಿ ಪೆಂಡಾಲಿನಲ್ಲಿ. ನಾನು ತಬಲಾ, ಡೋಲಕ್ ನುಡಿಸುವವನು. ಹಳೇ ತಂಡ ಮತ್ತೆ ಕಟ್ಟುವ ಯೋಚನೆ ಇರುವವರಿಗೆ ಉಪಯೋಗ ಆಗಬಹುದು ಅಂತ ಬರೆಯುತ್ತಿದ್ದೇನೆ.

ನಮ್ಮದು ಕಾರ್ಖಾನೆ ಊರು. ಕಬ್ಬಿಣದ್ದು 1923ರಲ್ಲೇ ಶುರುವಾಗಿತ್ತು, ಆಮೇಲೆ ಕಾಗದದ್ದು ಬಂತು. ತಂಡದ ಎಂಟು ಜನರಲ್ಲಿ ಮೂವರು ಅಲ್ಲೇ ಕೆಲಸಕ್ಕಿದ್ದವರು, ಉಳಿದವರಲ್ಲಿ ಹೆಚ್ಚಿನವರು ಕೆಲಸಗಾರರ ಮಕ್ಕಳು. ರಿಹರ್ಸಲ್ ಯಾವಾಗ ಅಂತ ಹೇಳುತ್ತಿದ್ದುದು ಶಿಫ್ಟು. ಗಿಟಾರಿನವನಿಗೆ ಸೆಕೆಂಡ್ ಶಿಫ್ಟ್ ಇದ್ದ ವಾರ ಅವನು ಬಂದು ಊಟ ಮಾಡಿ ಕೂರುವಷ್ಟರಲ್ಲಿ ರಾತ್ರಿ ಹನ್ನೊಂದು ದಾಟುತ್ತಿತ್ತು, ಅಕ್ಕಪಕ್ಕದವರು ಬೈಯಬಾರದು ಅಂತ ನಾನು ಡೋಲಕ್ ಮೇಲೆ ಟವೆಲ್ ಹಾಕಿ ಬಾರಿಸುತ್ತಿದ್ದೆ. ನಾನು ಬೇಗನೇ ಬೆಂಗಳೂರಿಗೆ ಬಂದೆ. ಕಾಗದದ ಕಾರ್ಖಾನೆ ನಿಂತ ಮೇಲೆ ಉಳಿದವರೂ ಚದುರಿಹೋದರು.

ಮೊದಲು ಮಾಡಿದ ತಪ್ಪು ಅಂದರೆ ಹಳೇ ಡೈರಿ ತೆಗೆದು 32 ಹಾಡಿನ ಪಟ್ಟಿ ಹಾಕಿದ್ದು. ಆಗ ರಾತ್ರಿ ಒಂಬತ್ತೂವರೆಗೆ ಶುರು ಮಾಡಿದರೆ ಎರಡು ಗಂಟೆವರೆಗೂ ನಡೆಯುತ್ತಿತ್ತು. ಈಗ ಹಾಗಿಲ್ಲವಲ್ಲ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಮೈಕ್ ಹಾಕುವಂತಿಲ್ಲ. ಹಬ್ಬಕ್ಕೆ ವರ್ಷದಲ್ಲಿ ಕೆಲವು ದಿನ ಮಧ್ಯರಾತ್ರಿವರೆಗೆ ಸರ್ಕಾರ ಬಿಡಬಹುದು, ಆದರೆ ಅದನ್ನು ನಂಬಿಕೊಂಡು ಪಟ್ಟಿ ಹಾಕಬೇಡಿ. ಜೊತೆಗೆ ಸನ್ಮಾನ ಬೇರೆ. ಶಾಲು, ಹಾರ, ಪೇಟ, ಎಂಟು ಜನಕ್ಕೂ, ಒಬ್ಬೊಬ್ಬರಿಗೂ ಫೋಟೋ. ಮುಕ್ಕಾಲು ಗಂಟೆ ಅಲ್ಲೇ ಹೋಯಿತು. ಕೊನೆಗೆ ನುಡಿಸಿದ್ದು 14 ಹಾಡು.

ಅಸಲಿ ಕೆಲಸ ಇದ್ದದ್ದು ಸ್ಕೇಲ್‌ನಲ್ಲಿ, ಅಂದರೆ ಹಾಡು ಯಾವ ಶ್ರುತಿಯಲ್ಲಿ ಅನ್ನುವುದರಲ್ಲಿ. ನಮ್ಮ ಗಾಯಕನಿಗೆ ಈಗ 58. ಎಸ್‌ಪಿಬಿ ಹಾಡುಗಳನ್ನು ಆಗ ಒರಿಜಿನಲ್ ಸ್ಕೇಲ್‌ನಲ್ಲೇ ಎಳೆಯುತ್ತಿದ್ದವನು. ಫೋನಿನಲ್ಲಿ ಹಾಡಿಸಿ ನೋಡಿದಾಗ ಪಲ್ಲವಿ ಚೆನ್ನಾಗೇ ಬಂತು, ಚರಣದ ಮೇಲಿನ ಸಾಲಿಗೆ ಬಂದಾಗ ಕೆಮ್ಮಿದ. 'ನೆಗಡಿ ಮಾರಾಯ' ಅಂದ. ಮೂರು ವಾರ ಬಿಟ್ಟು ಮತ್ತೆ ಹಾಡಿಸಿದೆ, ಅದೇ ಸಾಲಿಗೆ ಅದೇ ನೆಗಡಿ. ಆಮೇಲೆ ಅವನೇ ಒಪ್ಪಿಕೊಂಡ, ಡಿ ಇದ್ದದ್ದನ್ನು ಸಿಗೆ, ಸಿ ಶಾರ್ಪ್ ಇದ್ದದ್ದನ್ನು ಬಿಗೆ ಇಳಿಸಿದೆವು. ಕೀಬೋರ್ಡಿನ ಕಪ್ಪು, ಬಿಳಿ ಮನೆ ಒಂದೊಂದನ್ನೂ ಒಂದು ಸ್ವರ ಅಂತ ಎಣಿಸಿದರೆ ಎರಡು ಸ್ವರ. ಯುಗಳ ಗೀತೆಗಳಲ್ಲಿ ಇದು ನಡೆಯಲಿಲ್ಲ. ಅವನಿಗೆ ಅಂತ ಎರಡು ಸ್ವರ ಇಳಿಸಿದರೆ ಗಾಯಕಿಯ ಕೆಳಗಿನ ಸಾಲುಗಳು ಗಂಟಲಲ್ಲೇ ಉಳಿದುಬಿಡುತ್ತಿದ್ದವು, ಹಾಗಾಗಿ ಅವಕ್ಕೆ ಒಂದೇ ಇಳಿಸಿ, ಅವನಿಗೆ ಕಷ್ಟವಾಗುವ ಒಂದು ಸಾಲನ್ನು ಅವಳಿಗೇ ಕೊಟ್ಟೆವು. ಕೇಳುವವರಿಗೆ ಗೊತ್ತೇ ಆಗಲಿಲ್ಲ.

ಸ್ಕೇಲ್ ಇಳಿಸಿದರೆ ಕೀಬೋರ್ಡಿನವನಿಗೆ ಏನೂ ಕಷ್ಟ ಇಲ್ಲ, ಇಡೀ ಕೀಬೋರ್ಡಿನ ಶ್ರುತಿ ಬದಲಿಸುವ ಟ್ರಾನ್ಸ್‌ಪೋಸ್ ಬಟನ್ ಒತ್ತಿದರೆ ಮುಗೀತು. ಕೊಳಲಿನವನು ಕೊಳಲನ್ನೇ ಬದಲಿಸಬೇಕು. ನನ್ನ ಕಥೆ ಇನ್ನೂ ಕೆಟ್ಟದ್ದು. ನನ್ನ ಹತ್ತಿರ ಇದ್ದದ್ದು ಬಾಯಿ ಐದೂವರೆ ಇಂಚಿನ ಬಲಗೈ ತಬಲಾ, ಸಿ ಶಾರ್ಪ್‌ನಿಂದ ಡಿವರೆಗೆ ಗಂಟೆಯಂತೆ ಕೂಗುತ್ತದೆ. ಅದನ್ನೇ ಬಿಗೆ ಇಳಿಸೋಣ ಅಂತ ಬಾರಿನಡಿ ಸಿಕ್ಕಿಸಿರುವ ಮರದ ತುಂಡುಗಳನ್ನು, ಅಂದರೆ ಗಟ್ಟಾಗಳನ್ನು, ಸುತ್ತಿಗೆಯಲ್ಲಿ ಮೇಲಕ್ಕೆ ತಟ್ಟಿ ಬಾರು ಸಡಿಲ ಮಾಡಿದೆ. ಸ್ವರವೇನೋ ಇಳಿಯಿತು, ಆದರೆ 'ನಾ' ಅನ್ನಬೇಕಾದ ಪೆಟ್ಟು ರಟ್ಟಿನ ಡಬ್ಬಿ ತಟ್ಟಿದ ಹಾಗೆ 'ಟಪ್' ಅಂತು. ಒಂದು ತಬಲಾ ಆ ಕಡೆ ಈ ಕಡೆ ಒಂದು ಸ್ವರ ಸಹಿಸುತ್ತದೆ, ಅದಕ್ಕಿಂತ ಜಾಸ್ತಿ ಕೇಳಬಾರದು. ಆರು ಇಂಚಿನದೊಂದು ಕೊಂಡುಕೊಂಡೆ. ಮನೆಯಲ್ಲಿ 'ಎರಡು ದಿನದ ಪ್ರೋಗ್ರಾಂಗೆ ಹೊಸ ತಬಲಾನಾ?' ಅಂತ ಕೇಳಿದರು, ನಾನು ಸುಮ್ನಿದ್ದೆ.

ಮಳೆಗಾಲದ ಭದ್ರಾವತಿ ಬೇರೆ. ಚರ್ಮ ತೇವ ಕುಡಿದರೆ ಸ್ವರ ಇಳಿಯುತ್ತದೆ. ಹಿಂದೆಲ್ಲ ನಾನು ಇದಕ್ಕೆ ತಲೆ ಕೆಡಿಸಿಕೊಂಡವನಲ್ಲ, ಸ್ಟೇಜ್ ಮೇಲೆ ಹ್ಯಾಲೊಜನ್ ದೀಪ ಇರುತ್ತಿತ್ತು, ಅದರ ಬಿಸಿಗೇ ಚರ್ಮ ಬಿಗಿಯಾಗಿರುತ್ತಿತ್ತು. ಈ ಸಲ ಪೆಂಡಾಲಿನಲ್ಲಿ ಎಲ್ಲಾ ಎಲ್‌ಇಡಿ. ಬಣ್ಣ ಬಣ್ಣವಾಗಿ ಕಾಣುತ್ತದೆ, ಬಿಸಿ ಮಾತ್ರ ಚೂರೂ ಇಲ್ಲ. ಗಾಯಕಿಯ ಹೇರ್ ಡ್ರೈಯರ್ ತಗೊಂಡು ಒಂದು ಅಡಿ ದೂರದಿಂದ ಬಿಸಿ ಗಾಳಿ ಕೊಟ್ಟೆ. ತಕ್ಷಣ ಸ್ವರ ಏರುತ್ತದೆ, ಅದನ್ನು ನಂಬಿ ಆಗಲೇ ಶ್ರುತಿ ಮಾಡಬೇಡಿ. ಐದು ನಿಮಿಷದಲ್ಲಿ ಮತ್ತೆ ಇಳಿಯುತ್ತದೆ, ಎಲ್ಲಿ ನಿಲ್ಲುತ್ತದೋ ನೋಡಿಕೊಂಡು ಆಮೇಲೆ ಸುತ್ತಿಗೆ ಹಿಡಿಯಿರಿ.

ಇಷ್ಟೆಲ್ಲ ಮಾಡಿಯೂ ಎರಡನೇ ದಿನ ಮರ್ಯಾದೆ ಹೋಯಿತು. ಏಳನೇ ಹಾಡು ಯುಗಳ ಗೀತೆ, ಒಂದು ಸ್ವರ ಮಾತ್ರ ಇಳಿಸಿದ್ದು. ಅದರ ಹಿಂದಿನದು ಎರಡು ಇಳಿಸಿದ್ದು. ಕೊಳಲಿನವನು ಕಣ್ಣು ಮುಚ್ಚಿಕೊಂಡು ಶುರುವಿನ ಬಿಟ್ ಅದ್ಭುತವಾಗಿ ನುಡಿಸಿದ, ಜನ ಶಿಳ್ಳೆ ಹೊಡೆದರು, ಕೀಬೋರ್ಡಿನವನು ಎರಡೂ ಕೈ ಇಟ್ಟ, ಅಷ್ಟೇ. ಹಿಂದಿನ ಹಾಡಿನ ಟ್ರಾನ್ಸ್‌ಪೋಸ್ ಹಾಗೇ ಇತ್ತು. ಕೀಬೋರ್ಡ್ ಒಂದು ಕಡೆ, ಕೊಳಲು ಒಂದು ಕಡೆ. ಬೇಸ್ ಗಿಟಾರಿನವನು ಒಂದು ಕ್ಷಣ ಇಬ್ಬರ ಮುಖ ನೋಡಿ ಕೈ ಬಿಟ್ಟ. ಡೋಲಕ್ಕಿಗೆ ಆ ತಲೆನೋವು ಇಲ್ಲವಲ್ಲ, ನಾನು ಎಂಟು ಆವರ್ತ ಒಬ್ಬನೇ ಬಾರಿಸಿದೆ, ಬೇಕಂತಲೇ ಇಟ್ಟ ಸೋಲೋ ಥರ. ಅಷ್ಟರಲ್ಲಿ ಕೀಬೋರ್ಡಿನವನು ಬಟನ್ ಹುಡುಕಿದ. ಕನ್ನಡಕ ಹಾಕಿರಲಿಲ್ಲ, ಪೇಟ ಹಾಕುವಾಗ ತೆಗೆದು ಜೇಬಿಗಿಟ್ಟಿದ್ದನಂತೆ.

ಕಾರ್ಯಕ್ರಮ ಮುಗಿದ ಮೇಲೆ ಒಬ್ಬ ಹುಡುಗ ಬಂದು, 'ಅಂಕಲ್, ಆ ಡೋಲಕ್ ಪೀಸ್ ಸಖತ್ತಾಗಿತ್ತು, ಅದು ಒರಿಜಿನಲ್ ಹಾಡಲ್ಲಿ ಇಲ್ಲ ಅಲ್ವಾ' ಅಂದ. ಇಲ್ಲಪ್ಪ, ಅದು ನಾವೇ ಸೇರಿಸಿದ್ದು ಅಂದೆ.

ಗಾಯಕ ಮೊನ್ನೆ ಮೆಸೇಜ್ ಹಾಕಿದ್ದ. ಈ ವರ್ಷವೂ ಹೋಗೋಣ, ಆದರೆ ಇನ್ನೂ ಒಂದು ಸ್ವರ ಇಳಿಸಿಕೊಳ್ಳೋಣ ಅಂತ. ಆರು ಇಂಚಿನದು ಎ ಶಾರ್ಪ್‌ವರೆಗೂ ಇಳಿಯುತ್ತದೆ, ನೋಡಿದ್ದೇನೆ.